ಸೈರನ್ ಇಲ್ಲದ ಹಾಡು

ಭದ್ರಾವತಿಯ ನ್ಯೂ ಟೌನಿನಲ್ಲಿ ನಾವಿದ್ದ ಬೀದಿಯ ಜನ ನಮ್ಮಪ್ಪನ ಮೀಸೆ ನೋಡಿ ನಾಟಕ ಹತ್ತಿರ ಬಂತೋ ಇಲ್ಲವೋ ಹೇಳುತ್ತಿದ್ದರು. ವರ್ಷವಿಡೀ ದಪ್ಪಗೆ ಇರುತ್ತಿದ್ದ ಮೀಸೆ ರಾಜ್ಯೋತ್ಸವದ ಹಿಂದಿನ ವಾರ ಇದ್ದಕ್ಕಿದ್ದ ಹಾಗೆ ಮಾಯವಾಗುತ್ತಿತ್ತು. ಅಪ್ಪ ಕಬ್ಬಿಣದ ಕಾರ್ಖಾನೆಯ ರೋಲಿಂಗ್ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಕಾರ್ಮಿಕರ ನಾಟಕದ ತಂಡದಲ್ಲಿ ಹೆಂಗಸಿನ ಪಾತ್ರ ಹಾಕುತ್ತಿದ್ದರು. ಕ್ವಾರ್ಟರ್ಸಿನ ಹೆಂಗಸರು ಸ್ಟೇಜು ಹತ್ತುವ ಕಾಲ ಇನ್ನೂ ಬಂದಿರಲಿಲ್ಲ. ಅಪ್ಪನದು ಸಣಕಲು ಮೈ, ಉದ್ದ ಕಣ್ಣು. ಸೀರೆ ಉಟ್ಟು ನಿಂತರೆ ಮುಂದಿನ ಸಾಲಿನಲ್ಲಿ ಕೂತ ನನಗೇ ಒಂದು ಕ್ಷಣ ಗುರುತು ಸಿಗುತ್ತಿರಲಿಲ್ಲ.

ಅಮ್ಮನಿಗೆ ನಾಟಕದ ಬಗ್ಗೆ ತಕರಾರಿರಲಿಲ್ಲ, ಬೋಳು ತುಟಿಯ ಬಗ್ಗೆ ಇತ್ತು. "ಮೀಸೆ ಬರೋವರ್ಗೂ ನನ್ನೆದುರಿಗೆ ಊಟಕ್ಕೆ ಕೂತ್ಕೋಬೇಡಿ ಮಾರಾಯ್ರೆ, ಯಾರೋ ನೆಂಟರು ಬಂದಂಗಾಗುತ್ತೆ" ಅನ್ನುವಳು. ಅಪ್ಪ ಪಾಪ, ತಟ್ಟೆ ಹಿಡಿದು ಹೊರಗಿನ ಕಟ್ಟೆಗೆ ಹೋಗಿ ಕೂರುವರು.

ಇಂಥ ಮನೆಗೆ ಇಂಗ್ಲಿಷ್ ಹಾಡಿನ ಕ್ಯಾಸೆಟ್ಟು ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ. ಅದನ್ನು ತರಿಸಿದ್ದೂ ಅಪ್ಪನ ಕಾಡಿಗೆಯೇ. ಆ ವರ್ಷದ ನಾಟಕಕ್ಕೆ ಅಧ್ಯಕ್ಷರಾಗಿ ಬಂದಿದ್ದ ಒಬ್ಬ ಹಿರಿಯ ಎಂಜಿನಿಯರು, ತಮಿಳು ಮನೆಮಾತಿನವರು, ಪರದೆಯ ಹಿಂದೆ ಬಂದು ಎಲ್ಲರ ಕೈ ಕುಲುಕುತ್ತಿದ್ದರಂತೆ. ಅಪ್ಪ ಕನ್ನಡಿಯ ಮುಂದೆ ಕೂತು ಕಣ್ಣು ತಿದ್ದಿಕೊಳ್ಳುತ್ತಿದ್ದರು. ಎಂಜಿನಿಯರು ಬಹಳ ಹೊತ್ತು ಅಲ್ಲೇ ನಿಂತು, "ನಿನ್ನ ತರಾನೇ ಒಬ್ಬ ಇದಾನೆ ನಮ್ಮನೇಲಿ. ಒಂದಿನ ಬಾಪ್ಪ, ತೋರಿಸ್ತೀನಿ" ಅಂದರಂತೆ.

ಅಪ್ಪ ಹೋದರು. ಅವರ ಮನೆಯಲ್ಲಿದ್ದವನು ಒಂದು ರೆಕಾರ್ಡಿನ ಕವರಿನ ಮೇಲಿದ್ದ ಮನುಷ್ಯ. ಎಂಜಿನಿಯರು ಎಪ್ಪತ್ತರ ದಶಕದ ಮೊದಲಲ್ಲಿ ತರಬೇತಿಗೆಂದು ಇಂಗ್ಲೆಂಡಿಗೆ ಹೋಗಿದ್ದರು. ಆಗ ಅಲ್ಲಿ ಗಂಡಸರು ತುಟಿಗೆ ಬಣ್ಣ, ರೆಪ್ಪೆಗೆ ಬೆಳ್ಳಿ ಪುಡಿ ಹಚ್ಚಿಕೊಂಡು, ಎತ್ತರದ ಹಿಮ್ಮಡಿಯ ಬೂಟು ತೊಟ್ಟು ಗಿಟಾರು ಬಾರಿಸುವ ಹುಚ್ಚು ಎದ್ದಿತ್ತು. ಅದಕ್ಕೆ ಗ್ಲಾಮ್ ರಾಕ್ ಅನ್ನುತ್ತಾರೆಂದು ನಾನು ತಿಳಿದುಕೊಂಡದ್ದು ಆಮೇಲೆ, ಕಾಲೇಜಿನಲ್ಲಿ. ಅಪ್ಪ ಮನೆಗೆ ಬಂದು ನಮಗೆ ವರದಿ ಒಪ್ಪಿಸಿದ್ದು ಬೇರೆಯದೇ. "ಎಡಗಣ್ಣು ಚೆನ್ನಾಗಿ ತಿದ್ದಿದಾನೆ ಕಣೇ. ಬಲಗಣ್ಣಲ್ಲಿ ಕೈ ನಡುಗಿದೆ. ಅವಸರ ಮಾಡಿರ್ಬೇಕು." ಹಾಡು ಹೇಗಿತ್ತು ಎಂದು ಅಮ್ಮ ಕೇಳಿದಾಗ, "ಗುದ್ದು ಚೆನ್ನಾಗಿದೆ" ಅಂದರು. ಅಪ್ಪನ ಮಾತಿನಲ್ಲಿ ಗುದ್ದು ಅಂದರೆ ಡ್ರಮ್ಮಿನ ಪೆಟ್ಟು. ಮಿಲ್ಲಿನಲ್ಲಿ ಇಡೀ ದಿನ ಕಬ್ಬಿಣದ ಗುದ್ದು ಕೇಳುವ ಮನುಷ್ಯ ಇನ್ನೇನು ಹೇಳಬೇಕು.

ಎಂಜಿನಿಯರು ನಿವೃತ್ತಿಯಾಗಿ ಊರು ಬಿಡುತ್ತಾರೆಂದು ಗೊತ್ತಾದಾಗ ಅಪ್ಪನಿಗೆ ಚಡಪಡಿಕೆ ಹತ್ತಿತು. ಹಾಡು ಬೇಕೆಂದು ಹೇಳಲು ನಾಚಿಕೆ, ಬಿಡಲು ಮನಸ್ಸಿಲ್ಲ. ಕೊನೆಗೆ ಅವರೇ, "ಟೇಪ್ ಮಾಡ್ಕೋಪ್ಪ" ಅಂದರು. ಅಪ್ಪನ ವಾರದ ರಜೆಯ ದಿನ ನಾನೂ ಅವರೂ ನಮ್ಮ ರೇಡಿಯೊ-ಟೇಪಿನ ಟೂ-ಇನ್-ಒನ್ನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅಧಿಕಾರಿಗಳ ಬಂಗಲೆಗಳ ಕಡೆ ನಡೆದೆವು. ಹೊಸ ಕ್ಯಾಸೆಟ್ಟು ಅಪ್ಪನ ಅಂಗಿಯ ಜೇಬಿನಲ್ಲಿತ್ತು, ದಾರಿಯುದ್ದಕ್ಕೂ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಅವರ ರೆಕಾರ್ಡ್ ಪ್ಲೇಯರಿಗೂ ನಮ್ಮ ಟೂ-ಇನ್-ಒನ್ನಿಗೂ ಸೇರಿಸುವ ವೈರು ಯಾರ ಹತ್ತಿರವೂ ಇರಲಿಲ್ಲ. ಹಾಗಾಗಿ ಸ್ಪೀಕರಿನ ಎದುರಿಗೆ ಒಂದು ಸ್ಟೂಲು ಹಾಕಿ, ಅದರ ಮೇಲೆ ಟವೆಲ್ಲು ಮಡಿಸಿಟ್ಟು, ಟೂ-ಇನ್-ಒನ್ನನ್ನು ಕೂರಿಸಿದೆವು. ಗಾಳಿಯಲ್ಲಿ ಬಂದದ್ದನ್ನು ಅದು ಹಿಡಿಯಬೇಕು. ಯಾರೂ ಕೆಮ್ಮಬಾರದು, ಕುರ್ಚಿ ಸರಿಸಬಾರದು ಎಂದು ಅಪ್ಪ ನಾಟಕದ ಮೇಷ್ಟರ ಹಾಗೆ ಅಪ್ಪಣೆ ಮಾಡಿದರು. ಎಂಜಿನಿಯರೂ ತಮ್ಮ ಮನೆಯಲ್ಲೇ ಕಳ್ಳನ ಹಾಗೆ ಸದ್ದಿಲ್ಲದೆ ಕೂತರು. ಮೊದಲ ಮಗ್ಗುಲು ಸುಸೂತ್ರವಾಗಿ ಮುಗಿಯಿತು.

ಎರಡನೆಯ ಮಗ್ಗುಲಿನಲ್ಲಿ ಒಂದು ನಿಧಾನದ ಹಾಡಿದೆ. ಅಲ್ಲಿಯವರೆಗೆ ಕುಣಿಯುತ್ತಿದ್ದವನು ಬೂಟು ಬಿಚ್ಚಿಟ್ಟು ಕೂತ ಹಾಗಿರುವ ಹಾಡು. ಡ್ರಮ್ಮು ಪೂರ್ತಿ ನಿಂತುಹೋಗಿ ಪಿಯಾನೊ ಮತ್ತು ಅವನ ದನಿ ಮಾತ್ರ ಉಳಿಯುತ್ತವೆ. ಎಂಜಿನಿಯರ ಹೆಂಡತಿ ಬೆಕ್ಕಿನ ಹೆಜ್ಜೆಯಲ್ಲಿ ಟೀ ತಂದರು. ಅದೇ ಹೊತ್ತಿಗೆ ಮಧ್ಯಾಹ್ನದ ಶಿಫ್ಟಿನ ಸೈರನ್ ಕೂಗಿತು. ನಾವ್ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ದಿನಾ ಕೇಳಿ ಕೇಳಿ ಅದು ನಮ್ಮ ಪಾಲಿಗೆ ಸದ್ದೇ ಅಲ್ಲದಂತಾಗಿತ್ತು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಮನೆಯಲ್ಲಿದ್ದಾಗ ಶಿಫ್ಟಿನ ಸೈರನ್ ಆದ ತಕ್ಷಣ ಅಪ್ಪ ಎದ್ದು ನಿಂತು, "ಹೊರ್ಟೆ ಕಣೇ" ಅನ್ನುವರು. ಅಡುಗೆಮನೆಯಿಂದ ಅಮ್ಮ, "ಡಬ್ಬಿ ತಗೊಂಡ್ರಾ?" ಅನ್ನುವಳು. ಅಪ್ಪ "ತಗೊಂಡೆ" ಅಂದು ಸೈಕಲ್ಲು ಹತ್ತುವರು. ಜಗಳ ಆಡಿ ಮಾತು ಬಿಟ್ಟ ದಿನಗಳಲ್ಲೂ ಈ ಮೂರು ಮಾತು ತಪ್ಪುತ್ತಿರಲಿಲ್ಲ. ನನಗೆ ಬುದ್ಧಿ ತಿಳಿದಾಗಿನಿಂದ ಹಾಗೇ ನಡೆದುಕೊಂಡು ಬಂದಿತ್ತು.

ಆ ದಿನ ಬಂಗಲೆಯಲ್ಲಿ ಸೈರನ್ ಆದಾಗ, ರಜೆಯಲ್ಲಿದ್ದ ನಮ್ಮಪ್ಪ, ಹಾಡಿನಲ್ಲಿ ಮೈಮರೆತಿದ್ದ ನಮ್ಮಪ್ಪ, ಬೆತ್ತದ ಕುರ್ಚಿ ಕಿರುಗುಟ್ಟಿಸಿಕೊಂಡು ಎದ್ದು, ಎದುರಿಗೆ ಟ್ರೇ ಹಿಡಿದು ನಿಂತಿದ್ದ ಎಂಜಿನಿಯರ ಹೆಂಡತಿಗೆ, "ಹೊರ್ಟೆ ಕಣೇ" ಅಂದುಬಿಟ್ಟರು.

ಟೀ ಕಪ್ಪು ಸಾಸರಿಗೆ ತಗುಲಿ ಠಣ್ ಎಂದಿತು. ಎಂಜಿನಿಯರು ಬಾಯಿಗೆ ಕರವಸ್ತ್ರ ತುರುಕಿಕೊಂಡರು. ಅಪ್ಪ ನಿಂತಲ್ಲೇ ಕಂಬವಾದರು, ಕೂತರೆ ಕುರ್ಚಿ ಮತ್ತೆ ಸದ್ದು ಮಾಡುತ್ತದಲ್ಲ. ಕ್ಯಾಸೆಟ್ಟು ಮಾತ್ರ ಏನೂ ಆಗಿಲ್ಲವೆಂಬಂತೆ ತಿರುಗುತ್ತಿತ್ತು. ಇನ್ನೊಮ್ಮೆ ಮಾಡೋಣ ಎಂದು ಎಂಜಿನಿಯರು ಕಣ್ಣೊರೆಸಿಕೊಂಡು ಹೇಳಿದರೂ ಅಪ್ಪ ಆ ಮನೆಯಲ್ಲಿ ಇನ್ನೊಂದು ಗಳಿಗೆ ನಿಲ್ಲಲು ತಯಾರಿರಲಿಲ್ಲ.

ಹೀಗೆ ನಮ್ಮ ಮನೆಯ ಕ್ಯಾಸೆಟ್ಟಿನಲ್ಲಿ ಆ ನಿಧಾನದ ಹಾಡಿನ ನಡುವೆ ಭದ್ರಾವತಿಯ ಸೈರನ್, ಬೆತ್ತದ ಕುರ್ಚಿ, ನಮ್ಮಪ್ಪ ಮತ್ತು ಒಂದು ಸಾಸರು ಸೇರಿಕೊಂಡವು. ಅಮ್ಮನಿಗೆ ಅದು ಸಿಕ್ಕಿದ್ದು ಹಬ್ಬವೇ ಆಯಿತು. ಆ ಜಾಗ ಬಂದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, "ನಾನಂತೂ ಅಲ್ಲಿರ್ಲಿಲ್ಲ. ಯಾರಿಗ್ರೀ ಹೇಳಿದ್ದು ಅಷ್ಟು ಸಲಿಗೇಲಿ?" ಅನ್ನುವಳು. "ಬಿಡೇ ಸಾಕು" ಎಂದು ಅಪ್ಪ. ಹಾಗಾದರೆ ಉತ್ತರ ಕೊಡು, ಡಬ್ಬಿ ತಗೊಂಡ್ರಾ ಅನ್ನು ಎಂದು ನಾನು ರೇಗಿಸಿದರೆ, "ನನಗೆ ಹೇಳಿದ್ದಲ್ಲ, ನಾನ್ಯಾಕೆ ಅನ್ಲಿ. ಆ ಅಮ್ಮಾವ್ರೇ ಅನ್ನಲಿ" ಎಂದು ಒಳಗೆ ಹೋಗುವಳು. ವರ್ಷಗಟ್ಟಲೆ ಕೇಳಿದರೂ ಒಂದು ಸಲವೂ ಅವಳು ಆ ಮಾತಿಗೆ ಉತ್ತರ ಕೊಡಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ನಾಟಕಕ್ಕೂ ಅಪ್ಪ ಬಣ್ಣ ಹಚ್ಚಿಕೊಂಡದ್ದು ಆ ಕ್ಯಾಸೆಟ್ಟಿನ ಜೊತೆಗೇ. ಟೂ-ಇನ್-ಒನ್ನು ಬಣ್ಣದ ಪೆಟ್ಟಿಗೆಯ ಪಕ್ಕ ಕೂತಿರುತ್ತಿತ್ತು. ಮೊದಲ ಮಗ್ಗುಲಿನ ಗದ್ದಲದಲ್ಲಿ ಮುಖಕ್ಕೆ ರಂಗು, ಕೆನ್ನೆಗೆ ಕೆಂಪು. ಎರಡನೆಯದರಲ್ಲಿ ನಿಧಾನದ ಹಾಡು ಬಂದಾಗ ಕಾಡಿಗೆ. ಆಗ ಕೈ ನಡುಗುವುದಿಲ್ಲ ಅನ್ನುವರು. ಸೈರನ್ ಆಗುವ ಮೊದಲು ಬಲಗಣ್ಣು ಮುಗಿದಿರಬೇಕು. ಪಕ್ಕದಲ್ಲಿ ಗದೆ ಹಿಡಿದು ಕೂತ ಫಿಟ್ಟರುಗಳು, ವೆಲ್ಡರುಗಳು ಆ ಜಾಗಕ್ಕೆ ಕಾದಿದ್ದು ಒಟ್ಟಾಗಿ "ಹೊರ್ಟೆ ಕಣೇ" ಎಂದು ಕೂಗುವರು. ಅರ್ಧ ಹೆಣ್ಣಾಗಿದ್ದ ಅಪ್ಪ ನಾಚಿ ನಗುವರು. ಆ ನಗುವಿನಲ್ಲಿದ್ದ ಅಪ್ಪನನ್ನು ನೆನೆದರೆ ನನಗೆ ಈಗಲೂ ಪ್ರೀತಿ ಉಕ್ಕುತ್ತದೆ.

ಆಮೇಲೆ ಅಪ್ಪನ ಕಿವಿ ಮಂದವಾಯಿತು. ಒಂದೇ ದಿನ ಆದದ್ದಲ್ಲ. ಮಿಲ್ಲಿನವರೆಲ್ಲ ಗಟ್ಟಿಯಾಗಿಯೇ ಮಾತಾಡುತ್ತಿದ್ದರಿಂದ ಯಾರಿಗೆ ಎಷ್ಟು ಕೇಳುತ್ತದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿದದ್ದು ಸ್ಟೇಜಿನ ಮೇಲೆ. ರಾಣಿಯ ಪಾತ್ರ. ಎದುರಿನವನು ಮಾತು ಮುಗಿಸಿ ಕಾದ. ಅಪ್ಪನಿಗೆ ಅವನು ಮುಗಿಸಿದ್ದು ಗೊತ್ತಾಗಲಿಲ್ಲ. ಪರದೆಯ ಮರೆಯಿಂದ ಪ್ರಾಂಪ್ಟರು ಮಾತು ಎತ್ತಿಕೊಟ್ಟ, ಮತ್ತೆ ಕೊಟ್ಟ. ಮೂರನೆಯ ಸಲ ಅವನು ಕೊಟ್ಟದ್ದು ಹಿಂದಿನ ಸಾಲಿನವರಿಗೂ ಕೇಳಿತು, ಅಪ್ಪನಿಗೆ ಕೇಳಲಿಲ್ಲ. ಜನ ನಕ್ಕರು. ಅಪ್ಪ ಹೇಗೋ ಪಾತ್ರ ಮುಗಿಸಿದರು. ಮನೆಗೆ ಬಂದು ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದರು. ಮರುವರ್ಷ ಮೀಸೆ ತೆಗೆಯಲಿಲ್ಲ.

ನಾಟಕದ ಜೊತೆಗೆ ಹಾಡನ್ನೂ ಬಿಟ್ಟರು. "ಕೇಳ್ದೇ ಇರೋನಿಗೆ ಯಾಕೆ ಅದೆಲ್ಲ" ಅನ್ನುವುದು ಅವರ ಒಂದೇ ಮಾತು. ನಿವೃತ್ತಿಯಾಗಿ ಕ್ವಾರ್ಟರ್ಸು ಬಿಟ್ಟು ಶಿವಮೊಗ್ಗದ ಆಲ್ಕೊಳದಲ್ಲಿ, ಮದುವೆಯಾದ ಮೇಲೆ ನಾನಿದ್ದ ಮನೆಯ ಹಿಂದಿನ ಬೀದಿಯಲ್ಲೇ ಒಂದು ಪುಟ್ಟ ಮನೆ ಮಾಡಿಕೊಂಡರು. ನನ್ನ ಗಂಡ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕಿವಿ ಮಿಷನ್ನು ಕೊಡಿಸಿದ. ಎರಡು ದಿನ ಹಾಕಿಕೊಂಡು ತೆಗೆದಿಟ್ಟರು. ಅದರಲ್ಲಿ ಅಮ್ಮನ ಮಾತಿಗಿಂತ ಚಮಚದ ಸದ್ದೇ ಜೋರಾಗಿ ಬರುತ್ತದಂತೆ. ಅಮ್ಮ ಕೂಗಿ ಕೂಗಿ ಸುಸ್ತಾಗಿ, ಬೇಕಾದದ್ದನ್ನು ಕೈಸನ್ನೆಯಲ್ಲಿ ಹೇಳುವುದನ್ನು ಅಭ್ಯಾಸ ಮಾಡಿಕೊಂಡಳು. ಮಾತು ಅಂದರೆ ಪ್ರಾಣ ಬಿಡುತ್ತಿದ್ದ ಇಬ್ಬರು ಮೂಕರ ಹಾಗೆ ಬದುಕುವುದನ್ನು ನನಗೆ ನೋಡಲಾಗುತ್ತಿರಲಿಲ್ಲ. ಕ್ಯಾಸೆಟ್ಟು ಹುಡುಕಿದೆ, ಅಟ್ಟದ ಮೇಲೆ ಬಣ್ಣದ ಪೆಟ್ಟಿಗೆಯೊಳಗೆ ಸಿಕ್ಕಿತು. ಅಟ್ಟದ ಥಂಡಿಗೆ ಟೇಪಿನ ತುಂಬಾ ಬೆಳ್ಳಗೆ ಬೂಷ್ಟು ಹಿಡಿದಿತ್ತು. ಟೂ-ಇನ್-ಒನ್ನಿಗೆ ಹಾಕಿದರೆ ಕಿರಿಚಿ ನಿಂತಿತು. ಸೈರನ್ನೂ ಹೋಯಿತು, "ಹೊರ್ಟೆ ಕಣೇ"ಯೂ ಹೋಯಿತು.

ಎರಡು ಸಾವಿರದ ನಂತರದ ಒಂದು ವರ್ಷ, ಭಾನುವಾರದ ಪೇಪರಿನಲ್ಲಿ ಆ ಆಲ್ಬಮ್ಮಿನ ಚಿತ್ರ ಕಂಡೆ. ಅದೇ ಬೆಳ್ಳಿ ರೆಪ್ಪೆ, ಅದೇ ನಡುಗಿದ ಬಲಗಣ್ಣು. ರಿಮಾಸ್ಟರ್ ಮಾಡಿ ಸಿ.ಡಿ.ಯಲ್ಲಿ ಮತ್ತೆ ತಂದಿದ್ದಾರೆ ಎಂದು ಬರೆದಿತ್ತು. ದುರ್ಗಿಗುಡಿಯ ಸಿ.ಡಿ. ಅಂಗಡಿಯವನಿಗೆ ಆ ಪೇಪರಿನ ತುಂಡು ಕೊಟ್ಟೆ. ಅವನು ಚಿತ್ರ ನೋಡಿ, ನನ್ನನ್ನು ನೋಡಿ, "ನಿಮಗಾ ಮೇಡಂ?" ಅಂದ. "ನಮ್ಮಪ್ಪನಿಗೆ" ಅಂದೆ. ಅವನು ಮುಂದೆ ಏನೂ ಕೇಳದೆ ಬೆಂಗಳೂರಿನಿಂದ ತರಿಸಿಕೊಟ್ಟ.

ಮೊದಲು ನಾನೊಬ್ಬಳೇ ಮನೆಯಲ್ಲಿ ಕೇಳಿದೆ. ಕೇಳುತ್ತಾ ಸಿಟ್ಟು ಬಂತು. ನಮ್ಮ ಕ್ಯಾಸೆಟ್ಟಿನಲ್ಲಿ ಗುಂಡಿ ಒತ್ತುವುದು ತಡವಾಗಿ ಕಳೆದುಹೋಗಿದ್ದ ಶುರುವಿನ ಗಿಟಾರು ಇಲ್ಲಿತ್ತು. ವರ್ಷಗಟ್ಟಲೆ ಕೇಳಿದ ಹಾಡು ನಿಜವಾಗಿ ಶುರುವಾಗುವುದು ಹೀಗೆ ಎಂದು ಆಗ ಗೊತ್ತಾಯಿತು. ಅವನು ಉಸಿರು ಎಳೆದುಕೊಳ್ಳುವುದು, ತಂತಿಯ ಮೇಲೆ ಬೆರಳು ಜಾರುವುದು ಎಲ್ಲ ಬಿಡಿಬಿಡಿಯಾಗಿ ಕೇಳುತ್ತಿತ್ತು. ಚೆನ್ನಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಡ್ರಮ್ಮನ್ನು ಮುಂದಕ್ಕೆ ತಂದು ಕೂರಿಸಿಬಿಟ್ಟಿದ್ದರು, ಪ್ರತಿ ಪೆಟ್ಟಿಗೂ ಕಿಟಕಿಯ ಗಾಜು ಅದುರುವಷ್ಟು. ಕೊನೆಯಲ್ಲಿ ಅವರು ಅಂದು ಬೇಡವೆಂದು ಬಿಟ್ಟಿದ್ದ ಅರೆಬರೆ ಹಾಡುಗಳನ್ನೂ ತುಂಬಿದ್ದರು. ನೆಂಟರಿಗೆ ಬಡಿಸುವಾಗ ಸೀದ ದೋಸೆಗಳನ್ನೂ ತಂದು ತೋರಿಸುವ ಅಗತ್ಯವೇನಿತ್ತೋ ನನಗೆ ತಿಳಿಯದು. ನಿಧಾನದ ಹಾಡು ಬಂತು. ಪಿಯಾನೊ ನೀರಿನಷ್ಟು ತಿಳಿ. ಸೈರನ್ನಿನ ಜಾಗ ಬಂತು, ಹೋಯಿತು. ಅಲ್ಲಿ ಹಾಡು ಮಾತ್ರ ಇತ್ತು. ನಾನು ಸಿ.ಡಿ. ನಿಲ್ಲಿಸಿದೆ.

ಇದನ್ನು ಅಪ್ಪನಿಗೆ ಕೇಳಿಸಲೇಬೇಕು ಎಂಬ ಹಟ ಬಂದದ್ದು ಆಗ. ಅವರಿಗೆ ಇದೂ ಕೇಳದೆ ಹೋದರೆ ಇನ್ಯಾವುದೂ ಕೇಳುವುದಿಲ್ಲ, ಆ ಮನೆ ಹಾಗೇ ಮೂಕವಾಗಿ ಉಳಿದುಹೋಗುತ್ತದೆ ಎಂದು ನನಗೆ ಭಯವಿತ್ತು.

ಸಂಜೆ ಪ್ಲೇಯರನ್ನೂ ಸ್ಪೀಕರು ಪೆಟ್ಟಿಗೆಗಳನ್ನೂ ಆಟೋದಲ್ಲಿ ಹಾಕಿಕೊಂಡು ಹಿಂದಿನ ಬೀದಿಗೆ ಹೋದೆ. ಅಮ್ಮ ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಿದ್ದಳು. ಹಳೇ ಹಾಡು ರಿಮಾಸ್ಟರ್ ಆಗಿ ಬಂದಿದೆ ಅಂದೆ. ಹಾಗಂದರೆ ಏನೇ ಎಂದು ಕೇಳಿದಳು. "ಹಳೇ ಪಾತ್ರೆಗೆ ಕಲಾಯಿ ಹಾಕಿಸಿದಂಗೆ ಅಮ್ಮ. ಪಾತ್ರೆ ಅದೇ."

"ಕಲಾಯಿ ಹಾಕಿದ್ಮೇಲೆ ಮೊದಲ್ನೇ ಸಲ ಮಾಡಿದ ಹುಳಿಗೆ ರುಚೀನೇ ಇರಲ್ಲ, ಗೊತ್ತಲ್ಲ" ಅಂದಳು. ಅವಳ ಮಾತಿನಲ್ಲಿ ನನ್ನ ಸಿಟ್ಟೂ ಇತ್ತು.

ಅಪ್ಪ ಸ್ಪೀಕರು ನೋಡಿದ್ದೇ ಎದ್ದರು. "ನಂಗೇನೂ ಕೇಳಲ್ಲ ಮಾರಾಯ್ತಿ, ನೀವು ಕೇಳ್ಕೊಳ್ಳಿ" ಎಂದು ಚಪ್ಪಲಿ ಹುಡುಕತೊಡಗಿದರು. ನಾನು ಸಿ.ಡಿ.ಯ ಜೊತೆ ಬಂದಿದ್ದ ಪುಟ್ಟ ಪುಸ್ತಕ ತೆಗೆದು ಅವರ ಕೈಗಿಟ್ಟೆ. ಅದರಲ್ಲಿ ಹಳೆಯ ಕವರಿನಲ್ಲಿ ಇರದಿದ್ದ ಒಂದು ಚಿತ್ರವಿತ್ತು. ಆ ಹಾಡುಗಾರ ಕನ್ನಡಿಯ ಮುಂದೆ ಕೂತಿದ್ದಾನೆ. ಒಂದು ಕಣ್ಣು ಮುಗಿದಿದೆ, ಇನ್ನೊಂದಕ್ಕೆ ಕಡ್ಡಿ ಹಿಡಿದಿದ್ದಾನೆ, ಬಾಯಿ ಅರ್ಧ ತೆರೆದಿದೆ.

ಅಪ್ಪ ಚಪ್ಪಲಿ ಬಿಟ್ಟು ಬೆಳಕಿಗೆ ಹೋದರು. ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. "ಕಾಡಿಗೆ ಹಚ್ಚೋವಾಗ ಬಾಯಿ ತೆಗೀದೇ ಇರೋಕೆ ಯಾರಿಗೂ ಆಗಲ್ಲ ನೋಡು" ಅಂದರು. ಅವರ ಬಾಯಿಯೂ ಅರ್ಧ ತೆರೆದಿತ್ತು. ಅಮ್ಮ ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು, ಹಾಕು ಎಂದು.

ಹಾಕಿದೆ. ಅಪ್ಪ ಚಿತ್ರದಿಂದ ತಲೆ ಎತ್ತಲಿಲ್ಲ. ಶುರುವಿನ ಗಿಟಾರು ಬಂದುಹೋಯಿತು, ಅವನು ಕೂಗಿದ, ಏನೂ ಇಲ್ಲ. ಇನ್ನೂ ಜೋರು ಮಾಡಿದೆ. ಪಕ್ಕದ ಮನೆಯ ನಾಯಿ ಬೊಗಳಿತು. ಆಗ ಅಪ್ಪ ಪುಸ್ತಕವನ್ನು ಸ್ಪೀಕರು ಪೆಟ್ಟಿಗೆಯ ಮೇಲೆ ಇಡಲು ಬಗ್ಗಿದರು. ಇಟ್ಟ ಕೈ ಅಲ್ಲೇ ನಿಂತಿತು.

ಪುಸ್ತಕ ಸರಿಸಿ ಅಂಗೈಯನ್ನು ಪೂರ್ತಿ ಪೆಟ್ಟಿಗೆಯ ಮೇಲೆ ಊರಿದರು. "ಗುದ್ದು ಬರ್ತಿದೆ ಕಣೇ" ಅಂದರು, ಅಮ್ಮನ ಕಡೆ ನೋಡಿ. ನಾನು ಬೆಳಗಿನಿಂದ ಬೈದುಕೊಂಡಿದ್ದ ಆ ಡ್ರಮ್ಮು ಮರದ ಪೆಟ್ಟಿಗೆಯಲ್ಲಿ ಅದುರಿ ಅವರ ಕೈಗೆ ಹತ್ತುತ್ತಿತ್ತು. ನಮ್ಮ ಹಳೆಯ ಟೂ-ಇನ್-ಒನ್ನು ಎಷ್ಟು ಕಿರುಚಿದರೂ ಇಷ್ಟು ಗುದ್ದು ಕೊಡುತ್ತಿರಲಿಲ್ಲ. ರಿಮಾಸ್ಟರ್ ಮಾಡಿದವನು ಯಾರೋ ಏನೋ, ಅವನನ್ನು ಬೈದ ಬಾಯಲ್ಲೇ ಹರಸಿದೆ.

ಅಪ್ಪ ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಪಕ್ಕ ಕೂತರು. ಕಣ್ಣು ಮುಚ್ಚಿದರು. ಒಂದು ಹಾಡು ಮುಗಿದು ಇನ್ನೊಂದು ಹತ್ತುವಾಗ ತಲೆ ಆಡಿಸಿ, "ಇದು ಕೆನ್ನೆ ಹಾಡು" ಅಂದರು. ಕೆನ್ನೆಗೆ ಕೆಂಪು ಹಚ್ಚುತ್ತಿದ್ದ ಹಾಡು ಅದೇ. ಸಿ.ಡಿ.ಗೆ ಮಗ್ಗುಲು ತಿರುಗಿಸುವ ಕೆಲಸವಿಲ್ಲವಾದರೂ ಅರ್ಧಕ್ಕೆ ಬಂದಾಗ ಅವರ ಎಡಗೈ ತಾನಾಗಿ ಗುಂಡಿಯ ಕಡೆ ಹೋಯಿತು.

ನಿಧಾನದ ಹಾಡು ಬಂತು. ಡ್ರಮ್ಮು ನಿಂತಿತು. ಇನ್ನು ಅವರ ಕೈಗೆ ಏನೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಪಿಯಾನೊ ಅಷ್ಟು ತಿಳಿಯಾಗಿ ನುಡಿಯುತ್ತಿದ್ದರೂ ಆ ಕೋಣೆಯಲ್ಲಿ ಅದು ಕೇಳುತ್ತಿದ್ದದ್ದು ನನಗೂ ಅಮ್ಮನಿಗೂ ಮಾತ್ರ. ಅಪ್ಪ ಕೈ ತೆಗೆಯುತ್ತಾರೆಂದು ಕಾದೆ. ತೆಗೆಯಲಿಲ್ಲ. ತುಟಿ ಅಲುಗುತ್ತಿತ್ತು. ಇನ್ನೊಂದು ಕೈಯ ಬೆರಳು ಎತ್ತಿ ಗಾಳಿಯಲ್ಲಿ ಎಡಗಣ್ಣಿನ ಅಂಚು ತಿದ್ದಿದರು, ಆಮೇಲೆ ಬಲಗಣ್ಣಿನದು, ಅವಸರವಿಲ್ಲದೆ. ಹೊರಗಿನಿಂದ ಬಾರದ ಹಾಡನ್ನು ಅವರು ಒಳಗೇ ನಡೆಸುತ್ತಿದ್ದರು.

ಸೈರನ್ನಿನ ಜಾಗ ಬಂತು. ಸೈರನ್ ಕೂಗಲಿಲ್ಲ. ಅಪ್ಪ ಕಣ್ಣು ತೆರೆದು, ಕುರ್ಚಿಯಿಂದ ಎದ್ದು ನಿಂತು, ಅವರೆಕಾಯಿಯ ಮೊರದ ಮುಂದೆ ಕೂತಿದ್ದ ಅಮ್ಮನನ್ನು ನೋಡಿ ಹೇಳಿದರು.

"ಹೊರ್ಟೆ ಕಣೇ."

ನಾನು ಅಮ್ಮನ ಕಡೆ ನೋಡಿದೆ. ಯಾರಿಗ್ರೀ ಹೇಳಿದ್ದು ಎಂಬ ಮಾತು ಬರುತ್ತದೆಂದು ಕಾದೆ. ಅವಳು ಮೊರ ಕೆಳಗಿಟ್ಟಳು. ಗಂಟಲು ಸರಿಮಾಡಿಕೊಂಡಳು.

"ಡಬ್ಬಿ ತಗೊಂಡ್ರಾ?"

"ಏನು?" ಅಂದರು ಅಪ್ಪ.

ಅಮ್ಮ ಕೈಸನ್ನೆ ಮಾಡಲಿಲ್ಲ. ಮಂಡಿ ಹಿಡಿದುಕೊಂಡು ಎದ್ದು ಬಂದು, ಅವರ ಕಿವಿಗೆ ಬಾಯಿ ಹಚ್ಚಿ, ಬೀದಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಕೇಳಿದಳು.

"ತಗೊಂಡೆ" ಅಂದರು ಅಪ್ಪ.